ಕಾರು ಲಾಕ್ ಮಾಡಿ ಹೋದ್ಮೇಲೆ ಒಳಗಡೆ ಏನ್ ನಡೆಯುತ್ತೆ

ಬ್ಯಾಟರಿ ಅಂದ ತಕ್ಷಣ ನಮ್ಮ ಮಂಡ್ಯ ಮೈಸೂರು ಕಡೆ ಎಲ್ರೂ ಕೊಡೋ ಬುದ್ಧಿಮಾತು ಒಂದೇ, ಪದೇ ಪದೇ ಸೆಲ್ಫ್ ಹೊಡೀಬೇಡ, ಬ್ಯಾಟರಿ ಡೌನ್ ಆಗುತ್ತೆ ಅಂತ. ಸೆಲ್ಫ್ ಹೊಡೆದಾಗ ಕರೆಂಟು ಜೋರಾಗೇ ಎಳೆಯುತ್ತೆ, ಸಣ್ಣ ಪೆಟ್ರೋಲ್ ಕಾರಲ್ಲೂ 150-200 ಆಂಪಿಯರ್ ಹತ್ರ ಹೋಗುತ್ತೆ. ಆದ್ರೆ ಎಷ್ಟು ಹೊತ್ತು ಅಂತ ನೋಡಿ. ಇಂಜಿನ್ ಸರಿಯಾಗಿದ್ರೆ ಒಂದು ಸೆಕೆಂಡು, ಹಿಡ್ಕೊಂಡ್ಬಿಡುತ್ತೆ. 200 ಆಂಪಿಯರ್ ಒಂದು ಸೆಕೆಂಡ್ ಹರಿದ್ರೆ ಬ್ಯಾಟರಿಯಿಂದ ಹೋಗೋದು ಸುಮಾರು 0.055 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದ್ರೆ ಒಂದು ಆಂಪಿಯರ್ ಅವರ್). ಈಗ ಕಾರೊಳಗೆ ತಲೆ ಮೇಲಿರೋ ಹಳೇ ಮಾದರಿ 10 ವ್ಯಾಟ್ ಬಲ್ಬು ತಗೊಳ್ಳಿ, ಅದು ಎಳೆಯೋದು 0.83 ಆಂಪಿಯರ್. ನಾಲ್ಕು ನಿಮಿಷ ಉರಿದ್ರೆ ಒಂದು ಸೆಲ್ಫ್‌ನಷ್ಟು ಚಾರ್ಜು ಖಾಲಿ. ರಾತ್ರಿ ಹತ್ತು ಗಂಟೆ ಪೂರ್ತಿ ಉರಿದ್ರೆ ನೂರೈವತ್ತು ಸಲ ಸೆಲ್ಫ್ ಹೊಡೆದಷ್ಟು. ಅದೂ ಅಲ್ದೆ ಸೆಲ್ಫ್‌ಗೆ ಹೋಗಿದ್ದನ್ನ ಇಂಜಿನ್ ಓಡೋಕೆ ಶುರುವಾದ ಒಂದೆರಡು ನಿಮಿಷದಲ್ಲೇ ಆಲ್ಟರ್ನೇಟರ್, ಅಂದ್ರೆ ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಯಂತ್ರ, ವಾಪಸ್ ತುಂಬಿಬಿಡುತ್ತೆ, ನಿಂತ ಕಾರಲ್ಲಿ ಉರಿಯೋ ಬಲ್ಬಿಗೆ ಹೋಗಿದ್ದನ್ನ ತುಂಬೋರು ಯಾರೂ ಇಲ್ಲ.

ಅದಕ್ಕೇ ನಾನು ಯಾರಾದ್ರೂ ಬ್ಯಾಟರಿ ಪದೇ ಪದೇ ಡೌನ್ ಆಗ್ತಿದೆ ಅಂದ್ರೆ ಹೇಗೆ ಓಡಿಸ್ತೀರಾ ಅಂತ ಆಮೇಲೆ ಕೇಳ್ತೀನಿ, ಮೊದಲು ಕೇಳೋದು ಲಾಕ್ ಮಾಡಿದ್ಮೇಲೆ ಒಳಗಿನ ಲೈಟು ಹೇಗೆ ಆರುತ್ತೆ, ಎಷ್ಟು ಹೊತ್ತಿಗೆ ಆರುತ್ತೆ ಅಂತ. ಕಾರು ಸರಿಯಾಗಿ ಮಲಗ್ತಿದೆಯೋ ಇಲ್ವೋ ಅನ್ನೋದಕ್ಕೆ ಮೀಟ್ರಿಲ್ಲದೆ ಕಣ್ಣಿಗೆ ಕಾಣೋ ಗುರುತು ಅದೊಂದೇ. ಈ ಮಲಗೋದು, ಅಂದ್ರೆ ಕಾರಿನ ಕಂಪ್ಯೂಟರುಗಳೆಲ್ಲ ಕೆಲಸ ನಿಲ್ಲಿಸಿ ಕರೆಂಟ್ ಎಳೆಯೋದು ಕಮ್ಮಿ ಮಾಡೋದು, ಇದೇ ಈಗಿನ ಕಾರಿನ ಬ್ಯಾಟರಿ ವಿಷಯದ ಮುಖ್ಯ ಗಂಟು, ಅದನ್ನ ಶೋರೂಮಲ್ಲಿ ಕಾರು ಕೊಡೋವಾಗ ಯಾರೂ ಹೇಳಲ್ಲ.

ಮೊದಲು ಬ್ಯಾಟರಿ ಬಗ್ಗೆ ಸ್ವಲ್ಪ. ಕಾರಿನ 12 ವೋಲ್ಟ್ ಬ್ಯಾಟರಿ ಅಂದ್ರೆ ಆರು ಸೆಲ್ಲು, ಒಂದೊಂದೂ 2.1 ವೋಲ್ಟ್, ಸೀಸದ ಪ್ಲೇಟು ಮತ್ತೆ ಆಸಿಡ್ಡು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದಿದ್ದೇ ಇವತ್ತಿಗೂ ನಡೀತಿರೋದು. ಕಾರಿಗೆ ಅದು ಖಾಯಂ ಆಗಿ ಬಂದು ಕೂತಿದ್ದು 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸೆಲ್ಫ್ ಮಾಡ್ಕೊಟ್ಟ ಮೇಲೆ, ಅದಕ್ಕೆ ಮುಂಚೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಆಗಿಂದ ಈ ಥರ ಬ್ಯಾಟರಿಗೆ ಇರೋ ಕೆಲಸ ಮೂರು, ಸ್ಟಾರ್ಟಿಂಗ್, ಲೈಟಿಂಗ್, ಇಗ್ನಿಷನ್. ಒಂದೇ ಏಟಿಗೆ ಜಾಸ್ತಿ ಕರೆಂಟು ಕೊಡ್ಲಿ ಅಂತ ಒಳಗೆ ತೆಳ್ಳಗಿನ ಪ್ಲೇಟು ತುಂಬಾ ಇಟ್ಟಿರ್ತಾರೆ. ಯುಪಿಎಸ್ ಬ್ಯಾಟರಿ ಥರ ಇಳಿಸಿ ಏರಿಸಿ ಇಳಿಸಿ ಏರಿಸಿ ಮಾಡೋಕೆ ಇದು ಮಾಡಿದ್ದಲ್ಲ. ಪೂರ್ತಿ ಇಳಿದು ಹಾಗೇ ನಾಲ್ಕು ದಿನ ನಿಂತ್ರೆ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತೆ, ಆಮೇಲೆ ಎಷ್ಟೇ ಚಾರ್ಜ್ ಮಾಡಿದ್ರೂ ಮೊದಲಿನ ತಾಕತ್ತು ಬರಲ್ಲ. ಒಂದೊಂದ್ಸಲ ಪೂರ್ತಿ ಡೌನ್ ಆದಾಗ್ಲೂ ಬ್ಯಾಟರಿ ಆಯಸ್ಸಲ್ಲಿ ಒಂದು ತುಂಡು ಹೋಯ್ತು ಅಂತಾನೇ ತಿಳ್ಕೊಳ್ಳಿ.

ರಾತ್ರಿಯೆಲ್ಲ ನಿಂತ ಕಾರಲ್ಲಿ ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಟರ್ಮಿನಲ್ ಮೇಲೆ ಮೀಟರ್ ಇಟ್ರೆ 12.6 ಇಲ್ಲಾ 12.7 ಬಂದ್ರೆ ಫುಲ್, 12.4 ಬಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧಕ್ಕೆ ಇಳಿದಿದೆ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತಾನೇ ಲೆಕ್ಕ. ಬಾನೆಟ್ ತೆಗೆಯೋಕೆ ಬಾಗಿಲು ತೆಗೀಲೇಬೇಕಲ್ಲ ಅಂತೀರೇನೋ, ಹೌದು, ಅದಕ್ಕೇ ಹಿಂದಿನ ರಾತ್ರಿನೇ ಬಾನೆಟ್ ಲಿವರ್ ಎಳೆದು ಸುಮ್ನೆ ಮೇಲೆ ಕೂರಿಸಿಟ್ಟಿರಬೇಕು. ಬಾಗಿಲು ತೆಗೆದ ತಕ್ಷಣ ಒಳಗಿನ ಲೈಟು, ಕಂಪ್ಯೂಟರುಗಳು, ಪೆಟ್ರೋಲ್ ಪಂಪು ಎಲ್ಲಾ ಎದ್ದು ಓದಿಕೆ ಕೆಡಿಸಿಬಿಡುತ್ತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ ಅಂತ ಬರ್ದಿರುತ್ತೆ. 10 ವ್ಯಾಟ್ ಬಲ್ಬು ರಾತ್ರಿ ಪೂರ್ತಿ ಉರಿದ್ರೆ ಹೋಗೋದು 8 ಚಿಲ್ಲರೆ, ಅಂದ್ರೆ ಕಾಲು ಭಾಗ. ಹೊಸ ಬ್ಯಾಟರಿ ಆದ್ರೆ ಬೆಳಗ್ಗೆ ಸ್ಟಾರ್ಟ್ ಆಗ್ಲೇಬೇಕು. ಒಂದೇ ರಾತ್ರಿ ರೂಫ್ ಲೈಟಿಗೆ ಕಾರು ಕೈಕೊಡ್ತು ಅಂದ್ರೆ ಬ್ಯಾಟರಿ ಆಗಲೇ ಹಣ್ಣಾಗಿತ್ತು, ಇಲ್ಲಾ ಲೈಟಿನ ಜೊತೆ ಇನ್ನೇನೋ ಎಳೀತಿತ್ತು ಅಂತ ಅರ್ಥ. ಬೈಸ್ಕೊಳ್ಳೋದು ಮಾತ್ರ ಲೈಟ್ ಆರಿಸದೆ ಬಂದ ಮನೆ ಮಕ್ಕಳು.

ಈಗ ಲೈಟಿಗೆ ಬರೋಣ. ಮಾರುತಿ 800, ಓಮ್ನಿ ಕಾಲದ ಕಾರುಗಳಲ್ಲಿ ಬಾಗಿಲು ತೆಗೆದ್ರೆ ಪಿಲ್ಲರ್ ಹತ್ರ ಒಂದು ಸಣ್ಣ ಪಿನ್ನು ಕಾಣೋದು, ಮೇಲೆ ಕಪ್ಪು ರಬ್ಬರ್ ಟೋಪಿ. ಬಾಗಿಲು ಮುಚ್ಚಿದಾಗ ಅದು ಒಳಗೆ ಒತ್ಕೊಳ್ಳುತ್ತೆ, ತೆಗೆದಾಗ ಸ್ಪ್ರಿಂಗ್‌ನಿಂದ ಹೊರಗೆ ಬರುತ್ತೆ. ಬಲ್ಬಿಗೆ ಪಾಸಿಟಿವ್ ಯಾವಾಗ್ಲೂ ಫ್ಯೂಸಿಂದ ಬಂದು ಕಾಯ್ತಾ ನಿಂತಿರುತ್ತೆ, ಈ ಪಿನ್ನು ಹೊರಗೆ ಬಂದಾಗ ಆ ಕಡೆಯ ತುದಿಯನ್ನ ಬಾಡಿಗೆ ಮುಟ್ಟಿಸುತ್ತೆ, ಅಂದ್ರೆ ಅರ್ಥ್ ಕೊಡುತ್ತೆ, ಬಲ್ಬು ಹತ್ತುತ್ತೆ. ಇಡೀ ಕಾರಿನ ಬಾಡಿನೇ ನೆಗೆಟಿವ್ ವೈರು. ಪಿನ್ನು ಇರೋ ಬಾಗಿಲೆಲ್ಲ ಒಂದೇ ವೈರಿಗೆ ಸೇರಿರುತ್ತೆ, ಯಾವುದೊಂದು ಅರ್ಥ್ ಕೊಟ್ರೂ ಲೈಟ್ ಬರುತ್ತೆ. ಲೈಟಿನ ಮೇಲಿರೋ ಸ್ವಿಚ್ಚಿಗೆ ಮೂರು ಜಾಗ, ಆನ್ ಅಂದ್ರೆ ಅಲ್ಲೇ ನೇರ ಅರ್ಥ್, ಡೋರ್ ಅಂದ್ರೆ ಪಿನ್ನಿನ ಮೂಲಕ, ಆಫ್ ಅಂದ್ರೆ ಎರಡೂ ಇಲ್ಲ. ಇಷ್ಟೇ ಸಂಸಾರ. ಪಿನ್ನು ತುಕ್ಕು ಹಿಡಿದು ಒಳಗೇ ಸಿಕ್ಕಾಕ್ಕೊಂಡ್ರೆ ಲೈಟ್ ಬರಲ್ಲ, ಸ್ಯಾಂಡ್‌ಪೇಪರ್ ಹಾಕಿ ಎರಡು ತೊಟ್ಟು ಎಣ್ಣೆ ಬಿಟ್ರೆ ಸರಿಹೋಗೋದು. ಬಾಗಿಲು ಅರ್ಧ ಮುಚ್ಚಿದ್ರೆ ಬೆಳಗಿನವರೆಗೂ ಉರಿಯೋದು, ತಡೆಯೋಕೆ ಯಾರೂ ಇರ್ತಿರಲಿಲ್ಲ.

ಈಗಿನ ಕಾರಲ್ಲಿ ಆ ಪಿನ್ನು ಹುಡುಕಿದ್ರೆ ಸಾಮಾನ್ಯವಾಗಿ ಸಿಗಲ್ಲ. ಬಾಗಿಲ ಲಾಕಿನ ಒಳಗೇ, ಪಿಲ್ಲರಲ್ಲಿರೋ ಕೊಂಡಿಯನ್ನ ಕಚ್ಚಿಕೊಳ್ಳೋ ಆ ಕಬ್ಬಿಣದ ಬಾಯಿ ಇದ್ಯಲ್ಲ, ಅದರ ಹಿಂದೆ ಸಣ್ಣದೊಂದು ಮೈಕ್ರೋಸ್ವಿಚ್ ಕೂರಿಸಿರ್ತಾರೆ. ಅದು ಬಲ್ಬಿಗೆ ಕರೆಂಟ್ ಕೊಡಲ್ಲ, ಬಾಗಿಲು ತೆಗೆದಿದೆ ಅಂತ ಸುದ್ದಿ ಮುಟ್ಟಿಸುತ್ತೆ ಅಷ್ಟೇ. ಸುದ್ದಿ ಹೋಗೋದು ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ, ಮೆಕ್ಯಾನಿಕ್‌ಗಳು ಬಿಸಿಎಂ ಅಂತಾರೆ, ಡ್ಯಾಶ್‌ಬೋರ್ಡ್ ಒಳಗೆ ಕೂತಿರೋ ಪುಟ್ಟ ಕಂಪ್ಯೂಟರು. ಲೈಟ್ ಹಾಕ್ಬೇಕೋ ಬೇಡ್ವೋ, ಎಷ್ಟು ಹೊತ್ತು, ಎಷ್ಟು ಪ್ರಕಾಶಕ್ಕೆ, ಎಲ್ಲ ತೀರ್ಮಾನ ಅದರದ್ದು. ಬಾಗಿಲು ಮುಚ್ಚಿದ್ಮೇಲೂ ಲೈಟು ಸ್ವಲ್ಪ ಹೊತ್ತು ಇದ್ದು ನಿಧಾನಕ್ಕೆ ಸಿನಿಮಾ ಟಾಕೀಸಿನ ದೀಪದ ಹಾಗೆ ಇಳೀತಾ ಹೋಗುತ್ತಲ್ಲ, ಅದೂ ಅದೇ ಮಾಡೋದು. ವೋಲ್ಟೇಜ್ ಕಮ್ಮಿ ಮಾಡಿ ಅಲ್ಲ, ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಆನ್ ಆಫ್ ಮಾಡ್ತಾ ಆನ್ ಇರೋ ಹೊತ್ತನ್ನ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರುತ್ತೆ, ನಮ್ಮ ಕಣ್ಣಿಗೆ ಅದು ಮಂದ ಆಗ್ತಿರೋ ಹಾಗೆ ಕಾಣುತ್ತೆ. ಇಗ್ನಿಷನ್ ಆನ್ ಮಾಡಿದ್ರೆ ಇಲ್ಲಾ ರಿಮೋಟಲ್ಲಿ ಲಾಕ್ ಹೊಡೆದ್ರೆ ಕಾಯ್ಕೊಂಡು ಕೂರದೆ ಬೇಗ ಆರುತ್ತೆ.

ಬಾಗಿಲು ಸರಿಯಾಗಿ ಮುಚ್ಚದೆ ಬಿಟ್ರೆ? ಅದಕ್ಕೇ ಬ್ಯಾಟರಿ ಸೇವರ್ ಅನ್ನೋದಿರೋದು. ಇಂಜಿನ್ ಆಫ್ ಆಗಿ ಇಷ್ಟು ಹೊತ್ತಾದ್ರೂ ಲೈಟ್ ಉರೀತಾನೇ ಇದ್ರೆ ಬಿಸಿಎಂ ತಾನಾಗೇ ಒಳಗಿನ ಲೈಟುಗಳ ಲೈನ್ ಕಟ್ ಮಾಡುತ್ತೆ. ಎಷ್ಟು ಹೊತ್ತು ಅನ್ನೋದು ಕಾರಿಂದ ಕಾರಿಗೆ ಬೇರೆ, ಹತ್ತು ನಿಮಿಷದಲ್ಲಿ ಕಟ್ ಮಾಡೋದೂ ಇದೆ, ಅರ್ಧ ಗಂಟೆ ಕಾಯೋದೂ ಇದೆ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇಂಟೀರಿಯರ್ ಲೈಟ್ ಅನ್ನೋ ಕಡೆ ಬರ್ದಿರುತ್ತೆ, ದಯವಿಟ್ಟು ಒಂದ್ಸಲ ತೆಗೆದು ಓದಿ. ಕೆಲವು ಕಾರಲ್ಲಿ ಸ್ವಿಚ್ಚನ್ನ ಕೈಯಾರೆ ಆನ್‌ಗೆ ಇಟ್ಟಿದ್ರೆ ಈ ರಕ್ಷಣೆ ಸಿಗಲ್ಲ, ಡೋರ್‌ಗೆ ಇಟ್ಟಿದ್ರೆ ಮಾತ್ರ. ಕಮ್ಮಿ ಬೆಲೆಯ ಮಾಡೆಲ್‌ಗಳಲ್ಲಿ ಇದು ಇಲ್ಲದೇ ಇರೋದೂ ಉಂಟು.

ಲೈಟ್ ಆರಿದ ಮೇಲೂ ಕೆಲಸ ಮುಗಿದಿರಲ್ಲ. ಬಿಸಿಎಂ, ಇಂಜಿನ್ ಕಂಪ್ಯೂಟರು, ಮ್ಯೂಸಿಕ್ ಸಿಸ್ಟಮ್ಮು, ಮೀಟರ್ ಬೋರ್ಡು ಇವೆಲ್ಲ ಕ್ಯಾನ್ ಅನ್ನೋ ಎರಡೆಳೆ ವೈರಲ್ಲಿ ಒಂದಕ್ಕೊಂದು ಮಾತಾಡ್ಕೊಂಡಿರ್ತವೆ. ಲಾಕ್ ಮಾಡಿದ್ಮೇಲೆ ಒಂದೊಂದಾಗಿ ಮಾತು ನಿಲ್ಲಿಸಿ ನಿದ್ದೆಗೆ ಹೋಗ್ಬೇಕು. ಎಲ್ಲಾ ಎಚ್ಚರ ಇದ್ದಾಗ ಒಂದೆರಡು ಆಂಪಿಯರ್, ಕೆಲವದರಲ್ಲಿ ಅದಕ್ಕಿಂತ ಜಾಸ್ತೀನೇ ಎಳೀತಿರುತ್ತೆ. ಎಲ್ಲ ಮಲಗಿದಾಗ 20ರಿಂದ 50 ಮಿಲಿಆಂಪಿಯರ್‌ಗೆ ಇಳಿಬೇಕು. 50 ಮಿಲಿಆಂಪಿಯರ್ ಅಂದ್ರೆ ದಿನಕ್ಕೆ 1.2 ಆಂಪಿಯರ್ ಅವರ್, 35ರ ಬ್ಯಾಟರಿ ಹದಿನೈದು ದಿನ ಸುಮ್ನೆ ನಿಂತ್ರೂ ಅರ್ಧಕ್ಕೆ ಬಂದಿರುತ್ತೆ, ಯಾವ ತೊಂದರೆನೂ ಇಲ್ಲದ ಕಾರಲ್ಲೇ. ಇನ್ನು ಕಾರು ಮಲಗ್ದೇನೇ ಹೋದ್ರೆ ಒಂದು ಆಂಪಿಯರ್ ಎಳೀತಿದ್ರೂ ಒಂದೂವರೆ ದಿನಕ್ಕೆ ಪೂರ್ತಿ ಖಾಲಿ. ಇಲ್ಲಿ ಗಮನಿಸ್ಬೇಕಾದ್ದು, ಎಲ್‌ಇಡಿ ರೂಫ್ ಲೈಟು ಎಳೆಯೋದು ಒಂದು ವ್ಯಾಟ್ ಆಸುಪಾಸು, ಲೆಕ್ಕಕ್ಕೇ ಇಲ್ಲ. ಆದ್ರೆ ಅದನ್ನ ಉರಿಸ್ತಿರೋ ಕಾರಣಕ್ಕೆ ಎಚ್ಚರವಾಗಿ ಕೂತಿರೋ ಕಂಪ್ಯೂಟರುಗಳು ಅದರ ಹತ್ತರಷ್ಟು ಇಪ್ಪತ್ತರಷ್ಟು ತಿಂತಿರ್ತವೆ.

ಇದು ಮಂಡ್ಯದಲ್ಲಿ ನಮ್ಮ ಮಾವನ ಕಾರಲ್ಲಿ ಕಣ್ಣಾರೆ ನೋಡಿದ್ದು. ಮಾವ ರಿಟೈರ್ ಆದ್ಮೇಲೆ ಕಾರು ವಾರಕ್ಕೊಂದೋ ಎರಡೋ ಸಲ ತೆಗೀತಾರೆ, ಮದ್ದೂರಿಗೋ ಶ್ರೀರಂಗಪಟ್ಟಣಕ್ಕೋ ಹೋಗಿ ಬರೋದು, ಮಧ್ಯೆ ಮಗಳ ಮನೆಗೆ ಬಸ್ಸಲ್ಲಿ ಹೋಗ್ತಾರೆ. ವಾಪಸ್ ಬಂದಾಗೆಲ್ಲ ಬ್ಯಾಟರಿ ಡೌನು. ಕಟ ಕಟ ಕಟ ಅಂತ ರಿಲೇ ಸದ್ದು ಬಿಟ್ರೆ ಏನಿಲ್ಲ. ಅಂಗಡಿಯವರು ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿ ಕಳಿಸಿದ್ರು, ಸ್ವಲ್ಪ ದಿನ ಆದ್ಮೇಲೆ ಅದೂ ಡೌನು. ಆಮೇಲೆ ಆಲ್ಟರ್ನೇಟರ್ ನೋಡ್ಬೇಕು ಅಂದ್ರಂತೆ. ಇಂಜಿನ್ ಓಡ್ತಿರೋವಾಗ ಟರ್ಮಿನಲ್ ಮೇಲೆ 14.2 ವೋಲ್ಟ್ ಬರ್ತಿತ್ತು, ಚಾರ್ಜಿಂಗಲ್ಲಿ ಏನೂ ದೋಷ ಇರಲಿಲ್ಲ. ಹಂಗಾದ್ರೆ ನಿಂತಾಗ ಯಾವುದೋ ಎಳೀತಿದೆ.

ಒಳಗೆ ಕೂತು ನೋಡಿದ್ರೆ ರೂಫ್ ಲೈಟಿನ ಸ್ವಿಚ್ಚು ಆಫ್‌ನಲ್ಲಿತ್ತು.

"ಮಾವ, ಇದ್ಯಾಕೆ ಆಫ್ ಮಾಡಿಟ್ಟಿದೀರಾ, ಡೋರ್‌ಗಿಡ್ಬೇಕಲ್ವಾ?"

"ಹಂಪ್ ಬಂದಾಗೆಲ್ಲ ಮಿಣಕ್ ಮಿಣಕ್ ಅಂತಿತ್ತು ಕಣೋ, ರಾತ್ರಿ ಹೊತ್ತು ಕಣ್ಣಿಗೆ ಹೊಡೆಯೋದು. ಅದಕ್ಕೇ ಆಫ್ ಮಾಡ್ದೆ. ಅದು ಆಫ್ ಮಾಡಿದ್ಮೇಲೆ ಬ್ಯಾಟರಿಗೆ ಒಳ್ಳೇದೇ ಅಲ್ವಾ?"

ಅತ್ತೆ ಬಾಗಿಲಲ್ಲಿ ನಿಂತ್ಕೊಂಡು, "ಅದಿರ್ಲಿ, ರಾತ್ರಿಯೆಲ್ಲ ಸ್ಟೀರಿಂಗ್ ಹತ್ರ ಒಂದು ಕೆಂಪು ದೀಪ ಮಿಣುಕ್ತಾನೇ ಇರುತ್ತಲ್ಲಪ್ಪ, ಅದೇ ಎಳೀತಿರ್ಬೇಕು ನೋಡು" ಅಂದ್ರು. ಆ ಕೆಂಪು ದೀಪ ಕಳ್ಳರ ಅಲಾರಂದು, ಸರಿಯಾದ ಕೀ ಇಲ್ದೆ ಇಂಜಿನ್ ಸ್ಟಾರ್ಟ್ ಆಗದ ಹಾಗೆ ತಡೆಯೋ ಇಮೊಬಿಲೈಸರ್ ಕೆಲಸ ಮಾಡ್ತಿದೆ ಅಂತ ತೋರ್ಸೋಕೆ, ಕೆಲವೇ ಮಿಲಿಆಂಪಿಯರ್, ಅದರಿಂದ ಏನೂ ಆಗಲ್ಲ. ಅತ್ತೆಗೆ ಬಂದಿರೋ ಈ ಅನುಮಾನ ತುಂಬಾ ಜನಕ್ಕಿದೆ, ಕೆಲವರು ವೈರೇ ಕಿತ್ತಾಕಿಸಿರೋದನ್ನೂ ನೋಡಿದೀನಿ. ಆದ್ರೆ ಮಾವ ಹೇಳಿದ ಆ ಹಂಪ್ ಮಾತಲ್ಲೇ ಉತ್ತರ ಇತ್ತು. ಹಂಪ್ ಹಾರಿದಾಗ ಲೈಟ್ ಮಿನುಗುತ್ತೆ ಅಂದ್ರೆ ಯಾವುದೋ ಬಾಗಿಲ ಮೈಕ್ರೋಸ್ವಿಚ್ಚು ಮುಚ್ಚಿದೀನಿ ತೆಗೆದಿದೀನಿ ಅಂತ ಬಿಸಿಎಂಗೆ ಸುಳ್ಳು ಸುದ್ದಿ ಕಳಿಸ್ತಿದೆ. ಲೈಟ್ ಆಫ್ ಮಾಡಿದ್ರೆ ಆ ಸುದ್ದಿ ನಿಲ್ಲಲ್ಲ, ನಮಗೆ ಕಾಣೋದು ನಿಲ್ಲುತ್ತೆ ಅಷ್ಟೇ.

ಮೀಟರ್ ಹಾಕೋ ಕ್ರಮ ಹೇಳ್ತೀನಿ, ಮನೇಲೇ ಮಾಡ್ಬಹುದು. ಮಲ್ಟಿಮೀಟರ್‌ನ ಕೆಂಪು ವೈರನ್ನ 10 ಆಂಪಿಯರ್ ತೂತಿಗೇ ಹಾಕ್ಬೇಕು, ಮಿಲಿಆಂಪಿಯರ್ ತೂತಿಗೆ ಹಾಕಿದ್ರೆ ಕಾರು ಎದ್ದ ತಕ್ಷಣ ಮೀಟರ್ ಒಳಗಿನ ಫ್ಯೂಸ್ ಹೋಗುತ್ತೆ. ಮೀಟರ್ ಕನೆಕ್ಷನ್ನಲ್ಲಿ ಇರೋವಾಗ ಸೆಲ್ಫ್ ಮುಟ್ಟಲೇಬಾರದು. ಬಾನೆಟ್ ತೆಗೆದು, ಡ್ರೈವರ್ ಬಾಗಿಲು ತೆಗೆದಿಟ್ಟು ಅದರ ಲಾಕಿನ ಬಾಯಿಯನ್ನ ಸ್ಕ್ರೂಡ್ರೈವರ್‌ನಲ್ಲಿ ಟಕ್ ಅಂತ ಮುಚ್ಚಿಬಿಡಿ, ಆಗ ಬಾಗಿಲು ತೆಗೆದಿದ್ರೂ ಕಾರಿಗೆ ಮುಚ್ಚಿದೆ ಅಂತಾನೇ ಲೆಕ್ಕ. ಆಮೇಲೆ ಬಾಗಿಲು ಹಾಕೋಕೆ ಮುಂಚೆ ಹ್ಯಾಂಡಲ್ ಎಳೆದು ಆ ಬಾಯಿ ಬಿಡಿಸೋದು ನೆನಪಿರ್ಲಿ, ಹಂಗೇ ಬಡಿದ್ರೆ ಲಾಕ್ ಮುರಿಯುತ್ತೆ. ನೆಗೆಟಿವ್ ಕ್ಲಾಂಪ್ ಲೂಸ್ ಮಾಡಿ, ಮೀಟರಿನ ಒಂದು ಕ್ಲಿಪ್ಪು ಬ್ಯಾಟರಿ ಕಂಬಕ್ಕೆ, ಇನ್ನೊಂದು ಕ್ಲಾಂಪಿಗೆ ಹಾಕಿದ್ಮೇಲೆನೇ ಕ್ಲಾಂಪನ್ನ ಮೆಲ್ಲಗೆ ಮೇಲೆತ್ತಬೇಕು, ಮಧ್ಯೆ ಕನೆಕ್ಷನ್ ಕಡಿದ್ರೆ ಕಂಪ್ಯೂಟರುಗಳೆಲ್ಲ ಹೊಸದಾಗಿ ಶುರುವಾಗಿ ತಪ್ಪು ಮುಚ್ಚಿಹೋಗುತ್ತೆ. ಆಮೇಲೆ ಲಾಕ್ ಹೊಡೆದು ಕೀ ಮನೆಯೊಳಗೆ ದೂರ ಇಟ್ಟು ಅರ್ಧ ಗಂಟೆ ಸುಮ್ನೆ ಇರ್ಬೇಕು. ಇಲ್ಲೇ ತುಂಬಾ ಜನ ಆತುರ ಮಾಡೋದು, ಐದು ನಿಮಿಷಕ್ಕೇ ನೋಡಿ ಅಯ್ಯೋ ಒಂದು ಆಂಪಿಯರ್ ಎಳೀತಿದೆ ಅಂತಾರೆ, ಆಗಿನ್ನೂ ಕಾರು ಮಲಗೇ ಇರಲ್ಲ.

ಮಾವನ ಕಾರಲ್ಲಿ ಮೊದಲು ಒಂದೂವರೆ ಆಂಪಿಯರ್ ಹತ್ರ ಇತ್ತು, ಆಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿದು 0.03ಕ್ಕೆ ಬಂದು ನಿಂತ್ಕೊಳ್ತು. ಮಾವ ನೋಡಿ ಏನೂ ಇಲ್ವಲ್ಲೋ ಅಂದ್ರು. ನಾನು ಹೋಗಿ ಒಂದೊಂದೇ ಬಾಗಿಲನ್ನ ಅಂಗೈಯಲ್ಲಿ ಮೆತ್ತಗೆ ತಟ್ಟಿದೆ. ಮುಂದಿನ ಎರಡೂ ಏನಿಲ್ಲ. ಹಿಂದೆ ಎಡಗಡೆ ಬಾಗಿಲು ತಟ್ಟಿದ ತಕ್ಷಣ ಒಳಗೆ ಎಲ್ಲೋ ಟಿಕ್ ಅಂತು, ಮೀಟರ್ 0.03ರಿಂದ ಒಂದೂಕಾಲಿಗೆ ಎದ್ದು ನಿಂತ್ಕೊಂಡ್ಬಿಡ್ತು. ಮತ್ತೆ ಮಲಗೋಕೆ ಅಷ್ಟೇ ಹೊತ್ತು ಬೇಕು, ಮಲಗಿದ್ಮೇಲೆ ಮತ್ತೆ ತಟ್ಟಿದ್ರೆ ಮತ್ತೆ ಏಳುತ್ತೆ. ಮನೆ ಇರೋದು ಕಬ್ಬಿನ ಗಾಡಿ ಓಡಾಡೋ ರಸ್ತೆ ಪಕ್ಕದಲ್ಲೇ, ಫ್ಯಾಕ್ಟರಿ ಅರೆಯೋ ಸೀಸನ್ನಲ್ಲಿ ಲೋಡ್ ಟ್ರ್ಯಾಕ್ಟರ್ ಒಂದು ಹೋದ್ರೆ ಕಿಟಕಿ ಗಾಜೇ ಗಲಗಲ ಅನ್ನುತ್ತೆ. ಹಂಗಾಗಿ ಕಾರು ರಾತ್ರಿಯಿಡೀ ಎದ್ದು ಮಲಗಿ ಎದ್ದು ಮಲಗಿ ಮಾಡ್ತಿತ್ತು ಅನ್ನೋದು ನನ್ನ ಅಂದಾಜು. ಲೈಟು ಡೋರ್‌ನಲ್ಲೇ ಇದ್ದಿದ್ರೆ ಆಚೆ ಬಂದ ಯಾರಾದ್ರೂ ಒಂದಿನ ರಾತ್ರಿ ಲೈಟ್ ಹತ್ತಿದ್ದು ನೋಡಿ ಆಗಲೇ ಹೇಳಿರೋರು. ಮೈಕ್ರೋಸ್ವಿಚ್ ಒಂದೇ ಬಿಡಿಯಾಗಿ ಸಿಗಲ್ಲ, ಆ ಬಾಗಿಲ ಲಾಕ್ ಅಸೆಂಬ್ಲಿನೇ ಬದಲಾಯಿಸಿದ್ವಿ, ಸ್ವಿಚ್ಚನ್ನ ಡೋರ್‌ಗೇ ಇಟ್ವಿ, ಆಮೇಲಿಂದ ಆ ತೊಂದರೆ ಇಲ್ಲ. ಬದಲಾಯಿಸಿದ ಹಳೇ ಬ್ಯಾಟರಿ ಸತ್ತಿತ್ತೋ ಇಲ್ವೋ ಅಂತ ಮಾವ ಈಗ್ಲೂ ಬೇಜಾರು ಮಾಡ್ಕೋತಾರೆ, ಬೇಜಾರಾಗೋದೂ ಸರಿನೇ, ಎಳೀತಿರೋದು ಏನು ಅಂತ ಅಳೆಯದೆ ಬ್ಯಾಟರಿ ಮಾರೋದು ಸರಿಯಾದ ಕೆಲಸ ಅಲ್ಲ.

ಡಿಕ್ಕಿ ಲೈಟು, ಗ್ಲೋವ್ ಬಾಕ್ಸ್ ಲೈಟು, ಸನ್ ವೈಸರ್ ಕನ್ನಡಿ ಲೈಟು ಇವೂ ಹೀಗೇ, ಮುಚ್ಚಿದ್ಮೇಲೆ ಆರಿದೆಯಾ ಅಂತ ನೋಡೋಕೇ ಆಗಲ್ಲ. ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿ ಒಳಗಿಟ್ಟು ಮುಚ್ಚಿ, ಸ್ವಲ್ಪ ಬಿಟ್ಟು ತೆಗೆದು ನೋಡಿ, ಗೊತ್ತಾಗುತ್ತೆ.

ಹೊರಗಡೆ ಹಾಕಿಸೋ ಸಾಮಾನಿನ ಬಗ್ಗೆ ಹೇಳ್ಬೇಕಾದ್ದು ತುಂಬಾ ಇದೆ. ಒಳಗಿನ ಬಲ್ಬು ತೆಗೆದು ಎಲ್‌ಇಡಿ ಹಾಕೋದು ಒಳ್ಳೇ ಕೆಲಸಾನೇ, ಎರಡು ತುದಿಯ ಉದ್ದ ಬಲ್ಬು ಬರುತ್ತಲ್ಲ ಅದನ್ನ ಫೆಸ್ಟೂನ್ ಅಂತಾರೆ, 31, 36, 41 ಮಿಲಿಮೀಟರ್ ಅಂತ ಅಳತೆ ಇರುತ್ತೆ, ನಿಮ್ಮದನ್ನ ಅಳೆದು ತಗೊಳ್ಳಿ. ಹಾಕಿದ್ಮೇಲೆ ಹತ್ತದೇ ಇದ್ರೆ ಉಲ್ಟಾ ತಿರುಗಿಸಿ ಹಾಕಿ, ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇದೆ, ಹಳೇ ಬಲ್ಬಿಗೆ ಇರಲಿಲ್ಲ. ಕೆಲವರು ಕಾರು ಲಾಕ್ ಮಾಡಿದ್ಮೇಲೂ ಎಲ್‌ಇಡಿ ಮಿಂಚುಹುಳದಷ್ಟು ಮಂದವಾಗಿ ಉರೀತಾನೇ ಇದೆ ಅಂತಾರೆ. ಅದು ಬಿಸಿಎಂ ಲೈನಲ್ಲಿ ಉಳಿದಿರೋ ಅತಿ ಸಣ್ಣ ಕರೆಂಟು, ಹಳೇ ಬಲ್ಬಿನ ತಂತಿ ಕಾಯೋಕೆ ಅದು ಸಾಲ್ತಿರಲಿಲ್ಲ, ಎಲ್‌ಇಡಿಗೆ ಸಾಕಾಗುತ್ತೆ. ಬ್ಯಾಟರಿಗೆ ಅದರಿಂದ ಅಂಥ ನಷ್ಟ ಇಲ್ಲ, ನೋಡೋಕೆ ಕಿರಿಕಿರಿ ಅನ್ಸಿದ್ರೆ ಒಳಗೆ ರೆಸಿಸ್ಟರ್ ಇರೋ ಎಲ್‌ಇಡಿ ಹಾಕಿಸಿ.

ನನಗೆ ನಿಜವಾಗ್ಲೂ ಭಯ ಆಗೋದು ಆಂಬಿಯೆಂಟ್ ಲೈಟ್ ಪಟ್ಟಿಗಳದ್ದು. ಡ್ಯಾಶ್‌ಬೋರ್ಡಿಗೆ, ಕಾಲ ಹತ್ರ, ಬಾಗಿಲ ಅಂಚಿಗೆ ಬಣ್ಣ ಬಣ್ಣದ ಪಟ್ಟಿ ಅಂಟಿಸಿ, ಹತ್ರ ಸಿಕ್ಕ ಯಾವುದೋ ವೈರಿನ ಸಿಪ್ಪೆ ಸುಲಿದು ಸುತ್ತಿ ಇನ್ಸುಲೇಷನ್ ಟೇಪ್ ಹಾಕಿಬಿಡ್ತಾರೆ. ಆ ವೈರು ಯಾವಾಗ್ಲೂ ಕರೆಂಟ್ ಇರೋ ಲೈನ್ ಆದ್ರೆ ಪಟ್ಟಿ ಆಫ್ ಆಗಿದ್ರೂ ಅದರ ರಿಮೋಟ್ ಬಾಕ್ಸು ಎಚ್ಚರವಾಗೇ ಇರುತ್ತೆ. ಬಿಸಿಎಂ ಲೈನಿಗೇ ಕೈಹಾಕಿದ್ರೆ ಇನ್ನೂ ಕೆಟ್ಟದು, ಬಿಸಿಎಂ ಸುಟ್ರೆ ಒಂದು ಸಣ್ಣ ಲೈಟಿನ ಆಸೆಗೆ ಸಾವಿರಾರು ರೂಪಾಯಿ ಬಿಲ್ಲು ಬರುತ್ತೆ. ಹಾಕಿಸ್ಲೇಬೇಕು ಅಂದ್ರೆ ಫ್ಯೂಸ್ ಬಾಕ್ಸಲ್ಲಿ ಇಗ್ನಿಷನ್ ಆಫ್ ಮಾಡಿದಾಗ ಆಫ್ ಆಗೋ ಜಾಗಕ್ಕೆ ಆಡ್-ಎ-ಫ್ಯೂಸ್ (ಇರೋ ಫ್ಯೂಸಿನ ಜಾಗದಿಂದಲೇ ಇನ್ನೊಂದು ಲೈನ್ ತೆಗೆಯೋ ಹೋಲ್ಡರ್) ಹಾಕಿ, ಬೇರೆ ಸಣ್ಣ ಫ್ಯೂಸ್ ಕೊಟ್ಟು ಅಲ್ಲಿಂದ ಎಳೆಸಿ. ಮ್ಯೂಸಿಕ್ ಸಿಸ್ಟಮ್ಮಿಗೂ ಇದೇ ಮಾತು, ಆಂಡ್ರಾಯ್ಡ್ ಸ್ಟೀರಿಯೋದಲ್ಲಿ ಹಳದಿ ವೈರು ಖಾಯಂ ಕರೆಂಟಿಗೆ, ಕೆಂಪು ವೈರು ಕೀಗೆ. ಎರಡನ್ನೂ ಸೇರಿಸಿ ಖಾಯಂಗೆ ಹಾಕಿಬಿಟ್ರೆ ಸೆಟ್ಟು ಯಾವತ್ತೂ ಮಲಗಲ್ಲ. ಪಾರ್ಕಿಂಗ್ ಮೋಡ್ ಇರೋ ಡ್ಯಾಶ್‌ಕ್ಯಾಮು, ಕಾರಿನ ಕಂಪ್ಯೂಟರ್ ಮಾಹಿತಿ ಓದೋಕೆ ಸ್ಟೀರಿಂಗ್ ಕೆಳಗೆ ಚುಚ್ಚೋ ಓಬಿಡಿ ಡಾಂಗಲ್ಲು, ಜಿಪಿಎಸ್ ಟ್ರ್ಯಾಕರ್ರು ಎಲ್ಲಾ ಇದೇ ಸಾಲಿಗೆ. ಕೀಲೆಸ್ ಕಾರಿದ್ರೆ ಕೀಯನ್ನ ಕಾರು ನಿಲ್ಸೋ ಗೋಡೆಯ ಇನ್ನೊಂದು ಪಕ್ಕಕ್ಕೇ ನೇತುಹಾಕ್ಬೇಡಿ, ಕೆಲವು ಕಾರುಗಳು ಕೀ ಹತ್ರ ಇದೆ ಅಂತ ಪದೇ ಪದೇ ಏಳ್ತವೆ.

ಇನ್ನು ತುಂಬೋ ಕಡೆ. ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ ಹೋಗಿ ತರಕಾರಿ ತಂದು ನಿಲ್ಸೋ ಕಾರಿಗೆ ಬ್ಯಾಟರಿ ಪೂರ್ತಿ ತುಂಬೋಕೆ ಸಮಯಾನೇ ಸಿಗಲ್ಲ. ಲೆಡ್ ಆಸಿಡ್ ಬ್ಯಾಟರಿ ಮೊದಲು ಬೇಗ ತುಂಬಿ ಕೊನೇ ಭಾಗ ತುಂಬಾ ನಿಧಾನಕ್ಕೆ ತುಂಬುತ್ತೆ, ಇಳಿದಿರೋ ಬ್ಯಾಟರಿ ಮೇಲಕ್ಕೆ ಬರ್ಬೇಕು ಅಂದ್ರೆ ಗಂಟೆಗಟ್ಟಲೆ ಬೇಕು. ಮೈಸೂರಿಂದ ಮಂಡ್ಯಕ್ಕೆ 45 ಕಿಲೋಮೀಟರ್ ಹೈವೇಲಿ ಹೋಗಿ ಬಂದ್ರೆ ಪರವಾಗಿಲ್ಲ. ಮನೆ ಮುಂದೆ ನಿಲ್ಸಿ ಹತ್ತು ನಿಮಿಷ ಇಂಜಿನ್ ಆನ್ ಮಾಡಿಡೋದ್ರಿಂದ ಹೆಚ್ಚೇನೂ ಆಗಲ್ಲ, ಐಡಲಲ್ಲಿ ಆಲ್ಟರ್ನೇಟರ್ ನಿಧಾನ ತಿರುಗುತ್ತೆ, ಕೊಡೋದೂ ಕಮ್ಮಿ. ದಸರಾ ದೀಪ ನೋಡೋಕೆ ಹೋಗಿ ಸಯ್ಯಾಜಿರಾವ್ ರಸ್ತೆ ಕಡೆ ಆಮೆ ಥರ ತೆವಳೋವಾಗ ಹೆಡ್‌ಲೈಟು, ಎಸಿ ಬ್ಲೋವರು, ಹಿಂದಿನ ಗಾಜಿನ ಡಿಫಾಗರ್ರು, ಹಾಡು ಎಲ್ಲಾ ಹಾಕ್ಕೊಂಡಿದ್ರೆ ಒಂದೊಂದ್ಸಲ ಬರೋದಕ್ಕಿಂತ ಹೋಗೋದೇ ಜಾಸ್ತಿ ಆಗಿಬಿಡುತ್ತೆ, ಅದರಲ್ಲೂ ಹಳೇ ಕಾರಲ್ಲಿ.

ಹೊಸ ಕಾರುಗಳಲ್ಲಿ ಬ್ಯಾಟರಿ ನೆಗೆಟಿವ್ ಕ್ಲಾಂಪಿನ ಮೇಲೇ ಒಂದು ಸಣ್ಣ ಕಪ್ಪು ಡಬ್ಬಿ ಕೂತಿರುತ್ತೆ, ಅದು ಬ್ಯಾಟರಿ ಸೆನ್ಸರ್. ಒಳಗೆ ಹೋಗೋ ಕರೆಂಟು, ಹೊರಗೆ ಬರೋ ಕರೆಂಟು, ವೋಲ್ಟೇಜು, ಬಿಸಿ ಎಲ್ಲಾ ಅಳೆದು ಹೇಳ್ತಿರುತ್ತೆ, ಅದನ್ನ ನೋಡ್ಕೊಂಡು ಇಂಜಿನ್ ಕಂಪ್ಯೂಟರು ಆಲ್ಟರ್ನೇಟರ್‌ಗೆ ಈಗ ಜಾಸ್ತಿ ಕೊಡು ಈಗ ಸುಮ್ನಿರು ಅನ್ನುತ್ತೆ. ಆಕ್ಸಿಲರೇಟರಿಂದ ಕಾಲು ತೆಗೆದಾಗ ಜಾಸ್ತಿ ಚಾರ್ಜು, ಗಾಡಿ ಎಳೆಯೋವಾಗ ಕಮ್ಮಿ, ಹಂಗೆ ಪೆಟ್ರೋಲ್ ಉಳಿಸೋದು. ಸಿಗ್ನಲಲ್ಲಿ ಇಂಜಿನ್ ತಾನೇ ಆಫ್ ಆಗೋ ಕಾರಲ್ಲಿ ಬ್ಯಾಟರಿ ಇಳಿದಿದೆ ಅಂತ ಈ ಸೆನ್ಸರ್ ಹೇಳಿದ್ರೆ ಇಂಜಿನ್ ಆಫ್ ಆಗೋದು ನಿಂತುಹೋಗುತ್ತೆ, ಅದನ್ನೇ ಕೆಟ್ಟೋಗಿದೆ ಅನ್ಕೊಂಡು ಸರ್ವಿಸ್‌ಗೆ ಓಡಬೇಡಿ, ಮೊದಲು ಬ್ಯಾಟರಿ ನೋಡ್ಸಿ. ಈ ಕಾರುಗಳಿಗೆ ಪದೇ ಪದೇ ಸ್ಟಾರ್ಟ್ ಆಗೋದನ್ನ ತಡ್ಕೊಳ್ಳೋ ಇಎಫ್‌ಬಿ ಇಲ್ಲಾ ಎಜಿಎಂ ಅನ್ನೋ ಗಟ್ಟಿ ಬ್ಯಾಟರಿ ಬರುತ್ತೆ, ದುಡ್ಡು ಉಳಿಯುತ್ತೆ ಅಂತ ಮಾಮೂಲಿ ಬ್ಯಾಟರಿ ಹಾಕಿದ್ರೆ ಬೇಗ ಸಾಯುತ್ತೆ.

ಈ ಸೆನ್ಸರ್ ಇರೋದ್ರಿಂದ ಜಂಪ್ ಸ್ಟಾರ್ಟ್ ಮಾಡೋವಾಗ್ಲೂ ಗಮನ ಬೇಕು. ಕೆಂಪು ಮೊದಲು ಡೌನ್ ಆಗಿರೋ ಬ್ಯಾಟರಿ ಪ್ಲಸ್ಸಿಗೆ, ಆಮೇಲೆ ಒಳ್ಳೇ ಬ್ಯಾಟರಿ ಪ್ಲಸ್ಸಿಗೆ, ಕಪ್ಪು ಒಳ್ಳೇ ಬ್ಯಾಟರಿ ಮೈನಸ್ಸಿಗೆ, ಕೊನೇ ಕಪ್ಪು ಕ್ಲಿಪ್ಪು ಮಾತ್ರ ಡೌನ್ ಆದ ಬ್ಯಾಟರಿಗಲ್ಲ, ಆ ಕಾರಿನ ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ. ಕೊನೇ ಕ್ಲಿಪ್ಪಲ್ಲಿ ಕಿಡಿ ಹಾರುತ್ತೆ, ಬ್ಯಾಟರಿ ಮೇಲೆ ಹೈಡ್ರೋಜನ್ ಗ್ಯಾಸ್ ಇರಬಹುದು, ಅದಕ್ಕೆ ದೂರ. ಹಂಗೆ ಮಾಡಿದ್ರೆ ಬಂದ ಕರೆಂಟನ್ನ ಸೆನ್ಸರ್ರೂ ಸರಿಯಾಗಿ ಲೆಕ್ಕ ಹಾಕುತ್ತೆ.

ಎಲೆಕ್ಟ್ರಿಕ್ ಕಾರು ತಗೊಂಡೋರು ಇದೆಲ್ಲ ನಮಗಲ್ಲ ಅನ್ಕೋತಾರೆ. ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ಒಳಗಿನ ಲೈಟು, ಲಾಕು, ಕಂಪ್ಯೂಟರುಗಳು ನಡೆಯೋದು ಅದರಿಂದಾನೇ. ದೊಡ್ಡ ಬ್ಯಾಟರಿಯನ್ನ ಮೋಟಾರಿಗೆ ಸೇರಿಸೋ ಕಾಂಟ್ಯಾಕ್ಟರ್ ಸ್ವಿಚ್ಚುಗಳು ಮುಚ್ಕೊಳ್ಳೋಕೂ ಈ 12 ವೋಲ್ಟೇ ಬೇಕು. ಅದು ಡೌನ್ ಆದ್ರೆ ದೊಡ್ಡ ಬ್ಯಾಟರಿ ನೂರಕ್ಕೆ ನೂರು ತುಂಬಿದ್ರೂ ಕಾರು ಅಲ್ಲಾಡಲ್ಲ. ಆಲ್ಟರ್ನೇಟರ್ ಬದಲು ಡಿಸಿ ಡಿಸಿ ಕನ್ವರ್ಟರ್ ಅನ್ನೋದು ದೊಡ್ಡದರಿಂದ ಚಿಕ್ಕದಕ್ಕೆ ತುಂಬುತ್ತೆ, ಕೆಲವು ಕಾರುಗಳು ನಿಂತಿರೋವಾಗ್ಲೂ ಆಗಾಗ ತಾವಾಗೇ ತುಂಬ್ಕೋತವೆ, ಎಲ್ಲವೂ ಮಾಡಲ್ಲ.

ತಿಂಗಳುಗಟ್ಟಲೆ ಊರು ಬಿಡೋರು ಮಾಮೂಲಿ ಪೆಟ್ರೋಲ್ ಡೀಸೆಲ್ ಕಾರಲ್ಲಿ ನೆಗೆಟಿವ್ ಕ್ಲಾಂಪ್ ತೆಗೆದಿಟ್ಟು ಹೋಗಿ, 10 ನಂಬರ್ ಸ್ಪ್ಯಾನರ್ ಸಾಕು. ಮೊದಲು ನೆಗೆಟಿವ್ವೇ ತೆಗೀಬೇಕು, ವಾಪಸ್ ಹಾಕೋವಾಗ ಅದೇ ಕೊನೆಗೆ. ತೆಗೆಯೋಕೆ ಮುಂಚೆ ಕಿಟಕಿ ಮುಚ್ಚಿ, ಲೋಹದ ಕೀ ಕೈಯಲ್ಲಿರ್ಲಿ, ರಿಮೋಟ್ ಕೆಲಸ ಮಾಡಲ್ಲ. ವಾಪಸ್ ಹಾಕಿದ್ಮೇಲೆ ಗಡಿಯಾರ ಹೊಂದಿಸ್ಬೇಕು, ಕೆಲವದರಲ್ಲಿ ಸ್ಟೀರಿಯೋಗೆ ಕೋಡ್ ಕೇಳುತ್ತೆ, ಆಟೋ ಕಿಟಕಿ ಕೆಲಸ ಮಾಡದಿದ್ರೆ ಪೂರ್ತಿ ಮೇಲಕ್ಕೆ ಎತ್ತಿ ಸ್ವಿಚ್ಚನ್ನ ಒಂದೆರಡು ಸೆಕೆಂಡ್ ಹಾಗೇ ಹಿಡ್ಕೊಂಡ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಕಂಬದ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿದ್ಮೇಲೆ ಕ್ಲಾಂಪ್ ಬಿಗಿ ಮಾಡಿ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.